ಬೆದೆಯೂ ಬೀದಿಯೂ

ಅಮೆರಿಕದ ಪ್ರಾಣಿ ಆಶ್ರಯಧಾಮದಿಂದ ಹೆಣ್ಣು ನಾಯಿಮರಿಯೊಂದನ್ನು ಮನೆಗೆ ತಂದರೆ ಸಾಮಾನ್ಯವಾಗಿ ಅದರ ಹೊಟ್ಟೆಯ ಮೇಲೆ ಆಗಲೇ ಹೊಲಿಗೆಯ ಗುರುತು ಇರುತ್ತದೆ. ಎರಡು ತಿಂಗಳ ಮರಿಗೂ ಅಂಡಾಶಯ, ಗರ್ಭಕೋಶ ತೆಗೆದೇ ಕೈಗೆ ಕೊಡುವುದು ಅಲ್ಲಿ ಮಾಮೂಲು. ನಾರ್ವೆಯಲ್ಲಿ ಇದೇ ಕೆಲಸಕ್ಕೆ ಕಾರಣ ಬೇಕು. ಪ್ರಾಣಿಯ ದೇಹದ ಯಾವ ಭಾಗವನ್ನೂ ಸಕಾರಣವಿಲ್ಲದೆ ತೆಗೆಯಬಾರದು ಎನ್ನುತ್ತದೆ ಅಲ್ಲಿನ ಪ್ರಾಣಿಕಲ್ಯಾಣ ಕಾಯ್ದೆ. ಹಾಗಾಗಿ ಆ ದೇಶದ ಬಹಳಷ್ಟು ಹೆಣ್ಣುನಾಯಿಗಳು ಹುಟ್ಟಿದಾಗಿನ ಅಂಗಗಳೊಂದಿಗೇ ಮುದಿಯಾಗುತ್ತವೆ. ಒಂದು ಕಡೆ ಆಪರೇಷನ್ ಮಾಡಿಸದವನು ಹೊಣೆಗೇಡಿ. ಇನ್ನೊಂದು ಕಡೆ ಮಾಡಿಸಿದವನು ಉತ್ತರ ಹೇಳಬೇಕು.

ಎರಡೂ ದೇಶಗಳ ಪಶುವೈದ್ಯರು ಓದುವ ಪತ್ರಿಕೆಗಳು ಒಂದೇ. ನಾಯಿಯ ಅಂಡಾಶಯವೂ ಎರಡೂ ಕಡೆ ಒಂದೇ ರೀತಿ ಕೆಲಸ ಮಾಡುತ್ತದೆ. ವ್ಯತ್ಯಾಸ ಇರುವುದು ಬೀದಿಯಲ್ಲಿ. ನಾರ್ವೆಯ ಬೀದಿಯಲ್ಲಿ ಒಡೆಯನಿಲ್ಲದ ನಾಯಿ ಕಾಣಸಿಗುವುದು ಅಪರೂಪ. ಅಮೆರಿಕದ ಆಶ್ರಯಧಾಮಗಳಿಗೆ ಬೇಡದ ಮರಿಗಳದೇ ಚಿಂತೆ. ನಮ್ಮಲ್ಲಿ ಈ ಎರಡು ಲೋಕಗಳೂ ಒಂದೇ ಗೇಟಿನ ಆಚೀಚೆ ಇವೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ, ಹಗ್ಗ ಬಿಟ್ಟರೆ ಲಿಫ್ಟು, ಲಿಫ್ಟು ಬಿಟ್ಟರೆ ಹಗ್ಗ ಎಂದು ಬದುಕುವ ಲ್ಯಾಬ್ರಡಾರ್‌ನ ಪರಿಸ್ಥಿತಿ ಹೆಚ್ಚುಕಡಿಮೆ ನಾರ್ವೆಯದು. ಸಕಲೇಶಪುರದ ತೋಟದ ಮನೆಯಲ್ಲಿ ಹಗಲೆಲ್ಲ ಬಿಟ್ಟೇ ಇರುವ ನಾಯಿಯ ಸ್ಥಿತಿ ಬೇರೆಯೇ. ‘ಆಪರೇಷನ್ ಮಾಡಿಸಬೇಕಾ ಬೇಡವಾ’ ಎಂಬ ಪ್ರಶ್ನೆಗೆ ಇಬ್ಬರಿಗೂ ಒಂದೇ ಉತ್ತರ ಕೊಡುವವರನ್ನು, ಅವರು ಬಿಳಿ ಕೋಟು ಹಾಕಿದ್ದರೂ, ನಾನು ಅಷ್ಟಾಗಿ ನಂಬುವುದಿಲ್ಲ.

ಮೊದಲು ಅಂಡಾಶಯದ ಕೆಲಸ ನೋಡೋಣ. ಹೆಣ್ಣುನಾಯಿ ಮೊದಲ ಸಲ ಬೆದೆಗೆ ಬರುವುದು ಸಣ್ಣ ತಳಿಗಳಲ್ಲಿ ಆರೇಳು ತಿಂಗಳಿಗೆ. ಭಾರೀ ತಳಿಗಳಲ್ಲಿ ಒಂದೂವರೆ, ಕೆಲವೊಮ್ಮೆ ಎರಡು ವರ್ಷಕ್ಕೆ. ಆಮೇಲೆ ಸರಾಸರಿ ಏಳು ತಿಂಗಳಿಗೊಮ್ಮೆ. ಶುರುವಿನ ಸುಮಾರು ಒಂಬತ್ತು ದಿನ ರಕ್ತಸ್ರಾವ ಇರುತ್ತದೆ. ಇದನ್ನು ಹೆಂಗಸರ ಮುಟ್ಟಿಗೆ ಹೋಲಿಸುವವರು ಬಹಳ, ಆದರೆ ಇದು ತದ್ವಿರುದ್ಧದ ಘಟನೆ. ಮುಟ್ಟು ಚಕ್ರ ಮುಗಿದದ್ದರ ಗುರುತು. ನಾಯಿಯ ರಕ್ತಸ್ರಾವ ಈಸ್ಟ್ರೋಜನ್ ಏರುತ್ತಿರುವುದರ, ಅಂದರೆ ಚಕ್ರ ಈಗಷ್ಟೇ ಆರಂಭವಾದದ್ದರ ಗುರುತು. ಆ ದಿನಗಳಲ್ಲಿ ಗಂಡುಗಳು ಹಿಂದೆ ಬಿದ್ದರೂ ಅದು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಸ್ರಾವ ತಿಳಿಯಾಗಿ ನಿಲ್ಲುವ ಹೊತ್ತಿಗೆ ಮನೆಯವರು ‘ಸದ್ಯ, ಮುಗಿಯಿತು’ ಎಂದು ಗೇಟು ತೆರೆಯುತ್ತಾರೆ. ಗಂಡನ್ನು ಒಪ್ಪುವ ದಿನಗಳು ಶುರುವಾಗುವುದೇ ಆಗ. ಅವು ಇನ್ನೊಂದು ಒಂಬತ್ತು ದಿನ ಇರುತ್ತವೆ. ಸಾಲದ್ದಕ್ಕೆ ನಾಯಿಯ ಅಂಡಾಣು ಬಲಿಯದೆಯೇ ಹೊರಬಂದು ಎರಡು ಮೂರು ದಿನ ತಡವಾಗಿ ಪಕ್ವವಾಗುತ್ತದೆ, ಗಂಡಿನ ವೀರ್ಯಾಣುಗಳು ಗರ್ಭಕೋಶದಲ್ಲಿ ವಾರದವರೆಗೂ ಜೀವ ಹಿಡಿದಿರಬಲ್ಲವು. ಐದು ನಿಮಿಷ ಕಣ್ತಪ್ಪಿದ್ದಕ್ಕೆ ಅರವತ್ತಮೂರು ದಿನಗಳ ನಂತರ ಆರು ಮರಿಗಳು ಹುಟ್ಟುವುದು ಹೀಗೆ. ಆ ಆರಕ್ಕೂ ಒಬ್ಬನೇ ತಂದೆ ಇರಬೇಕೆಂದೂ ಇಲ್ಲ.

ಬೆದೆಯ ಅಸಲು ಕತೆ ಬೆದೆ ಮುಗಿದ ಮೇಲೆ ಇದೆ. ಮನುಷ್ಯರಲ್ಲಿ ಗರ್ಭ ನಿಲ್ಲದಿದ್ದರೆ ಎರಡು ವಾರದಲ್ಲಿ ಪ್ರೊಜೆಸ್ಟರಾನ್ ಇಳಿದುಹೋಗುತ್ತದೆ. ನಾಯಿಯ ದೇಹಕ್ಕೆ ಈ ಲೆಕ್ಕ ಗೊತ್ತಿಲ್ಲ. ಗಬ್ಬವಾಗಿರಲಿ ಬಿಡಲಿ, ಸುಮಾರು ಎರಡು ತಿಂಗಳು ಆ ಹಾರ್ಮೋನು ಏರಿಯೇ ಇರುತ್ತದೆ. ಮರಿಯೇ ಇಲ್ಲದ ಬಸಿರಿನ ತಯಾರಿ ನಡೆಯುತ್ತಲೇ ಇರುತ್ತದೆ. ಅದು ಮುಗಿಯುವಾಗ ಕೆಲವು ನಾಯಿಗಳ ಮೊಲೆಗಳಲ್ಲಿ ಹಾಲು ತುಂಬುತ್ತದೆ. ಮಂಚದ ಕೆಳಗೆ ಗುದ್ದು ಮಾಡಿಕೊಂಡು, ಚಪ್ಪಲಿಯನ್ನೋ ಬೊಂಬೆಯನ್ನೋ ಮರಿಯೆಂದು ಅಪ್ಪಿಕೊಂಡು, ಹತ್ತಿರ ಹೋದವರಿಗೆ ಗುರ್ ಎನ್ನುತ್ತವೆ. ಈ ಸುಳ್ಳು ಗಬ್ಬ ರೋಗವಲ್ಲ. ಎರಡು ಮೂರು ವಾರದಲ್ಲಿ ತಾನೇ ಇಳಿಯುತ್ತದೆ.

ಗರ್ಭಕೋಶದ ಒಳಗೆ ಆಗುವುದು ಅಷ್ಟು ನಿರಪಾಯವಲ್ಲ. ಪ್ರೊಜೆಸ್ಟರಾನ್ ಒಳಪೊರೆಯನ್ನು ದಪ್ಪವಾಗಿಸುತ್ತದೆ, ಗ್ರಂಥಿಗಳಿಂದ ದ್ರವ ಒಸರಿಸುತ್ತದೆ, ಭ್ರೂಣವನ್ನು ಹೊರದಬ್ಬದಂತೆ ಸ್ನಾಯುಗಳನ್ನು ಸುಮ್ಮನಾಗಿಸುತ್ತದೆ, ಅಲ್ಲಿಯ ರೋಗನಿರೋಧಕ ಪಹರೆಯನ್ನೂ ತಗ್ಗಿಸುತ್ತದೆ. ಭ್ರೂಣಕ್ಕೆ ಬೇಕಾದ ಈ ಆತಿಥ್ಯವೆಲ್ಲ ಬೆದೆಯ ಸಮಯದಲ್ಲಿ ಒಳಸೇರಿದ ಬ್ಯಾಕ್ಟೀರಿಯಾಗಳಿಗೂ, ಹೆಚ್ಚಾಗಿ ಈ. ಕೋಲಿಗೆ, ಅನುಕೂಲವೇ. ಪ್ರತಿ ಚಕ್ರದಲ್ಲೂ ಒಳಪೊರೆ ಇನ್ನಷ್ಟು ಕೆಡುತ್ತ ಹೋಗುತ್ತದೆ. ನಾಯಿಗೆ ಋತುಬಂಧವೆಂಬುದೂ ಇಲ್ಲ. ವಯಸ್ಸಾದಂತೆ ಬೆದೆಗಳ ನಡುವಿನ ಅಂತರ ಹೆಚ್ಚಬಹುದು, ಅಷ್ಟೆ. ಕಡೆಗೊಂದು ಸಲ, ಬೆದೆ ಮುಗಿದು ಒಂದೆರಡು ತಿಂಗಳಲ್ಲಿ, ಗರ್ಭಕೋಶದ ತುಂಬ ಕೀವು ಕಟ್ಟಿಕೊಳ್ಳುತ್ತದೆ. ವೈದ್ಯರು ಇದನ್ನು ಪಯೋಮೆಟ್ರಾ ಎನ್ನುತ್ತಾರೆ.

ಇದೆಷ್ಟು ಸಾಮಾನ್ಯ ಎಂಬ ಉತ್ತರ ನಮಗೆ ಸಿಕ್ಕಿದ್ದು ಸ್ವೀಡನ್‌ನಿಂದ. ಆಪರೇಷನ್ ಮಾಡಿಸುವ ರೂಢಿ ಕಡಿಮೆ, ನಾಯಿಗೆ ವಿಮೆ ಮಾಡಿಸುವ ರೂಢಿ ಹೆಚ್ಚು. ಇಂಥ ದೇಶ ಸಂಶೋಧಕರಿಗೆ ದೊರೆಯುವುದು ಅದೃಷ್ಟ. ಅಲ್ಲಿನ ವಿಮಾ ದಾಖಲೆಗಳ ಪ್ರಕಾರ ಹತ್ತು ವರ್ಷ ತುಂಬುವುದರೊಳಗೆ ನಾಲ್ಕೈದು ಹೆಣ್ಣುನಾಯಿಗಳಲ್ಲಿ ಒಂದಕ್ಕೆ ಪಯೋಮೆಟ್ರಾ ಬರುತ್ತದೆ. ಬರ್ನೀಸ್ ಮೌಂಟನ್ ಡಾಗ್, ರಾಟ್‌ವೀಲರ್‌ಗಳಂಥ ತಳಿಗಳಲ್ಲಿ ಪಾಲು ಇನ್ನೂ ದೊಡ್ಡದು. ಚಿಕಿತ್ಸೆ ಬಹುಮಟ್ಟಿಗೆ ಒಂದೇ: ಅದೇ ಆಪರೇಷನ್. ಮೊದಲೇ ಮಾಡಿಸಿದ್ದರೆ ಎಳೆಯ, ಗಟ್ಟಿಮುಟ್ಟಾದ ನಾಯಿಗೆ ಆಗುತ್ತಿದ್ದದ್ದು ಈಗ ನಂಜೇರಿದ ಮುದಿನಾಯಿಗೆ, ಅದೂ ರಾತ್ರೋರಾತ್ರಿ, ಆಗಬೇಕು. ಆಪರೇಷನ್ ಪರ ಇರುವ ವಾದಗಳಲ್ಲಿ ನನ್ನ ಮಟ್ಟಿಗೆ ಇದಕ್ಕಿಂತ ತೂಕದ್ದು ಇನ್ನೊಂದಿಲ್ಲ.

ಆದರೂ ಹೆಚ್ಚಾಗಿ ಕೇಳಿಬರುವ ವಾದ ಇದಲ್ಲ, ಸ್ತನದ ಗಡ್ಡೆಯದು. ‘ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಕ್ಯಾನ್ಸರ್ ಸಾಧ್ಯತೆ ಶೇ. 0.5, ಒಂದು ಬೆದೆ ಆದಮೇಲೆ ಶೇ. 8, ಎರಡಾದ ಮೇಲೆ ಶೇ. 26’ ಎಂಬ ಮೂರು ಅಂಕಿಗಳು ಕ್ಲಿನಿಕ್‌ಗಳ ಗೋಡೆಯಿಂದ ವಾಟ್ಸ್ಯಾಪ್‌ವರೆಗೆ ಓಡಾಡುತ್ತಿವೆ. ಓದಿದವರು ಗಾಬರಿಯಾಗಿ ಆರನೇ ತಿಂಗಳಿಗೇ ಓಡುತ್ತಾರೆ. ಅಂಕಿಗಳು ಸುಳ್ಳಲ್ಲ, ಕ್ಯಾಲಿಫೋರ್ನಿಯಾದ ನಾಯಿಗಳನ್ನು ನೋಡಿ ಶ್ನೈಡರ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದವು. ಓದುವ ರೀತಿ ತಪ್ಪು. ನೂರು ನಾಯಿಗಳಲ್ಲಿ ಎಂಟಕ್ಕೆ ಗಡ್ಡೆ ಬರುತ್ತದೆ ಎಂದು ಅವು ಹೇಳುವುದಿಲ್ಲ. ಆಪರೇಷನ್ ಆಗದ ನಾಯಿಗೆ ಎಷ್ಟು ಅಪಾಯವೋ ಅದರ ಶೇ. 8ರಷ್ಟು ಎನ್ನುತ್ತವೆ.

ಲೆಕ್ಕಕ್ಕೆಂದು, ಆಪರೇಷನ್ ಮಾಡಿಸದ ನೂರು ನಾಯಿಗಳಲ್ಲಿ ಹತ್ತಕ್ಕೆ ಗಡ್ಡೆ ಬರುತ್ತದೆ ಎಂದಿಟ್ಟುಕೊಳ್ಳಿ. ಆ ಹತ್ತರ ಶೇ. 8 ಎಂದರೆ 0.8. ಅಂದರೆ ಒಂದು ಬೆದೆ ಕಳೆದ ನಂತರ ಮಾಡಿಸಿದ ನೂರು ನಾಯಿಗಳಲ್ಲಿ ಒಂದಕ್ಕೂ ಪೂರ್ತಿಯಾಗಿ ಬರಲಿಲ್ಲ. ಎರಡು ಬೆದೆಯ ನಂತರವೂ ನೂರಕ್ಕೆ ಎರಡೋ ಮೂರೋ. ಮೊದಲ ಬೆದೆ ಕಾದದ್ದರಿಂದ ಆದ ನಷ್ಟ ನೂರಕ್ಕೆ ಏಳೂವರೆಯಲ್ಲ, ಮುಕ್ಕಾಲು. ಮೇಲಾಗಿ 2012ರಲ್ಲಿ ಬೋವೆ ಮತ್ತು ಜೊತೆಗಾರರು ಬ್ರಿಟನ್ನಿನಲ್ಲಿ ಈ ವಿಷಯದ ಅಧ್ಯಯನಗಳನ್ನೆಲ್ಲ ಜಾಲಾಡಿ, ಆಪರೇಷನ್ ಗಡ್ಡೆಯನ್ನು ತಡೆಯುತ್ತದೆ ಎನ್ನುವುದಕ್ಕಿರುವ ಸಾಕ್ಷ್ಯ ದುರ್ಬಲ, ಅದರ ಮೇಲೆ ಗಟ್ಟಿ ಶಿಫಾರಸು ಕಟ್ಟಲಾಗದು ಎಂದರು. ತಡೆಯುವುದಿಲ್ಲ ಎಂದು ಅವರೂ ಹೇಳಲಿಲ್ಲ. ತಡೆಯುತ್ತದೆಂದೇ ನನ್ನ ಅಂದಾಜು, ಏಕೆಂದರೆ ಹಾರ್ಮೋನು ಮತ್ತು ಸ್ತನಗ್ರಂಥಿಯ ನಂಟು ಜೀವವಿಜ್ಞಾನಕ್ಕೆ ಹೊಸದಲ್ಲ. ಆದರೆ ಆರನೇ ತಿಂಗಳೇ ಕಡೆಯ ಗಡುವು ಎಂಬ ಆತುರಕ್ಕೆ ಈ ಅಂಕಿಗಳಲ್ಲಿ ಆಧಾರವಿಲ್ಲ.

ಆತುರಪಟ್ಟರೆ ಆಗುವ ನಷ್ಟ ಬೇರೆ ಕಡೆ ಇದೆ. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಬೆಂಜಮಿನ್ ಹಾರ್ಟ್ ಅವರ ತಂಡ 759 ಗೋಲ್ಡನ್ ರಿಟ್ರೀವರ್‌ಗಳ ಆಸ್ಪತ್ರೆ ದಾಖಲೆ ತೆಗೆದು ನೋಡಿತು. ವರ್ಷ ತುಂಬುವ ಮೊದಲೇ ಆಪರೇಷನ್ ಆದ ಹೆಣ್ಣುಗಳಲ್ಲಿ ಶೇ. 8ಕ್ಕೆ ಮಂಡಿಯ ಲಿಗಮೆಂಟ್ ಹರಿದಿತ್ತು. ಮಾಡಿಸದವುಗಳಲ್ಲಿ ಒಂದಕ್ಕೂ ಇಲ್ಲ. ಮೂಳೆಯ ತುದಿಯಲ್ಲಿರುವ ಬೆಳವಣಿಗೆಯ ಪಟ್ಟಿಗೆ ‘ಸಾಕು, ನಿಲ್ಲಿಸು’ ಎನ್ನುವುದು ಲೈಂಗಿಕ ಹಾರ್ಮೋನು. ಅದನ್ನು ಮೊದಲೇ ತೆಗೆದರೆ ಪಟ್ಟಿ ತಡವಾಗಿ ಮುಚ್ಚುತ್ತದೆ, ಕಾಲಿನ ಉದ್ದ ಮೂಳೆಗಳು ಇನ್ನಷ್ಟು ಬೆಳೆಯುತ್ತವೆ, ಕೀಲಿನ ಕೋನ ಬದಲಾಗುತ್ತದೆ. ಮೂವತ್ತು ಕಿಲೋ ಹೊರುವ ಮಂಡಿಗೆ ಆ ಬದಲಾವಣೆ ದುಬಾರಿ. ಇನ್ನೂ ತಲೆನೋವಿನ ಸಂಗತಿ ಎಂದರೆ, ತಡವಾಗಿ ಮಾಡಿಸಿದ ಗೋಲ್ಡನ್ ಹೆಣ್ಣುಗಳಲ್ಲಿ ರಕ್ತನಾಳಗಳ ಒಂದು ಮಾರಕ ಕ್ಯಾನ್ಸರ್ ಉಳಿದವುಗಳಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಕಂಡಿತು.

ಇಷ್ಟಕ್ಕೇ ಆಪರೇಷನ್ನೇ ಕೆಟ್ಟದ್ದು ಎಂದುಕೊಂಡವರಿಗೆ ಅದೇ ತಂಡದ ಮುಂದಿನ ಕೆಲಸ ಉತ್ತರ ಕೊಡುತ್ತದೆ. ಮುಂದಿನ ವರ್ಷ ಲ್ಯಾಬ್ರಡಾರ್‌ಗಳನ್ನು ನೋಡಿದಾಗ ಕೀಲಿನ ತೊಂದರೆ ಗೋಲ್ಡನ್‌ಗಳಷ್ಟು ಏರಿರಲಿಲ್ಲ, ಹೆಣ್ಣುಗಳಲ್ಲಿ ಕ್ಯಾನ್ಸರ್ ಹೆಚ್ಚಿದ್ದು ಅತ್ಯಲ್ಪ. ಮೈಮಾಟದಲ್ಲಿ ಅಕ್ಕತಂಗಿಯರಂತಿರುವ ಎರಡು ತಳಿಗಳಿಗೇ ಬೇರೆ ಬೇರೆ ಲೆಕ್ಕ! 2020ರಲ್ಲಿ 35 ತಳಿಗಳ ಪಟ್ಟಿ ಬಂತು. ಪಗ್, ಪೊಮೇರಿಯನ್, ಡ್ಯಾಶ್‌ಹೌಂಡ್‌ಗಳಂಥ ಸಣ್ಣವಕ್ಕೆ ಕೀಲಿನ ಚಿಂತೆ ಇಲ್ಲವೆಂದೇ ಹೇಳಬಹುದು. ಜರ್ಮನ್ ಶೆಫರ್ಡ್, ರಾಟ್‌ವೀಲರ್‌ಗಳಿಗೆ ಇದೆ. ಆಳೆತ್ತರದ ಗ್ರೇಟ್ ಡೇನ್‌ಗೆ, ಎಲ್ಲರೂ ಊಹಿಸುವುದಕ್ಕೆ ವಿರುದ್ಧವಾಗಿ, ಇಲ್ಲ. ಅದೇ ವರ್ಷ ಮಿಶ್ರತಳಿಗಳನ್ನೂ ಅವರು ತೂಕದ ಮೇಲೆ ವಿಂಗಡಿಸಿ ನೋಡಿದರು. ಬೆಳೆದಾಗ 20 ಕಿಲೋ ದಾಟುವ ನಾಯಿಗೆ ವರ್ಷದೊಳಗಿನ ಆಪರೇಷನ್ ಕೀಲಿನ ತೊಂದರೆಯನ್ನು ಹೆಚ್ಚಿಸುತ್ತದೆ. 20 ಕಿಲೋ ದಾಟದ ನಾಯಿಗೆ ಇಲ್ಲ. ನಮ್ಮ ನಾಡುನಾಯಿಗಳ ಹೆಣ್ಣುಗಳು ಬಹುಪಾಲು ಈ ಗೆರೆಯ ಕೆಳಗೇ ಉಳಿಯುತ್ತವೆ. ಆ 35ರಲ್ಲಿ ನಮ್ಮ ದೇಶದ ಒಂದು ತಳಿಯೂ ಇಲ್ಲವಾದ್ದರಿಂದ ತೂಕದ ಈ ಗೆರೆಯೇ ನಮಗಿರುವ ಹತ್ತಿರದ ಆಧಾರ.

ಉಳಿದ ಅಡ್ಡಪರಿಣಾಮಗಳು ಸಣ್ಣವು, ಆದರೆ ದಿನನಿತ್ಯದವು. ಆಪರೇಷನ್ ನಂತರ ನಾಯಿಗೆ ಬೇಕಾಗುವ ಆಹಾರ ಸುಮಾರು ಕಾಲುಭಾಗ ಇಳಿಯುತ್ತದೆ; ಹಸಿವು ಇಳಿಯುವುದಿಲ್ಲ. ಬಟ್ಟಲಿನ ಅಳತೆ ಬದಲಿಸದ ಮನೆಗಳಲ್ಲಿ ನಾಯಿ ಉರುಳುಕಲ್ಲಾಗುತ್ತದೆ, ತಪ್ಪು ಡಾಕ್ಟರ ತಲೆಗೆ ಬರುತ್ತದೆ. ದೊಡ್ಡ ತಳಿಗಳಲ್ಲಿ ಕೆಲವು ಹೆಣ್ಣುನಾಯಿಗಳಿಗೆ ವರ್ಷಗಳ ನಂತರ ಮಲಗಿದ್ದಾಗ ಮೂತ್ರ ಸೋರುವುದುಂಟು, ಏಕೆಂದರೆ ಮೂತ್ರನಾಳದ ಬಿಗಿ ಕಾಯುವುದೂ ಈಸ್ಟ್ರೋಜನ್ನೇ. ಇದಕ್ಕೆ ಮಾತ್ರೆ ಇದೆ, ಜೀವಕ್ಕೇನೂ ಅಪಾಯವಿಲ್ಲ.

ಹಾಗಾದರೆ ಒಟ್ಟಾರೆ ಆಯಸ್ಸು? ಜಾರ್ಜಿಯಾ ವಿಶ್ವವಿದ್ಯಾಲಯದವರು 2013ರಲ್ಲಿ 40,139 ನಾಯಿಗಳ ಸಾವಿನ ದಾಖಲೆ ತೆಗೆದರು. ಆಪರೇಷನ್ ಆಗದವು ಸರಾಸರಿ 7.9 ವರ್ಷ ಬದುಕಿದ್ದವು, ಆದವು 9.4 ವರ್ಷ. ಆದವು ಹೆಚ್ಚಾಗಿ ಕ್ಯಾನ್ಸರ್‌ನಿಂದ ಸತ್ತಿದ್ದವು, ಆಗದವು ಸೋಂಕಿನಿಂದ ಮತ್ತು ಗಾಯಗಳಿಂದ. ಆಪರೇಷನ್ ಪರದವರಿಗೆ ಈ ಅಧ್ಯಯನದ ಮೊದಲರ್ಧ ಬಾಯಿಪಾಠ, ವಿರೋಧಿಗಳಿಗೆ ಎರಡನೆಯದು. ಎರಡನ್ನೂ ಸೇರಿಸಿ ಓದಬೇಕು. ಆಪರೇಷನ್‌ಗೆ ದುಡ್ಡು ಕೊಡುವ ಮನೆ ಲಸಿಕೆಗೂ ಕೊಡುತ್ತದೆ, ಗೇಟನ್ನೂ ಹಾಕುತ್ತದೆ. ಒಂದೂವರೆ ವರ್ಷದ ಲಾಭದಲ್ಲಿ ಆ ಮನೆಯ ಪಾಲೂ ಇದೆ. ಕ್ಯಾನ್ಸರ್ ಮುಪ್ಪಿನ ಕಾಯಿಲೆ. ಲಾರಿಗೆ ಸಿಕ್ಕಿ ಮೂರನೇ ವರ್ಷಕ್ಕೆ ಸಾಯುವ ನಾಯಿಗೆ ಕ್ಯಾನ್ಸರ್ ಬರಲು ಪುರಸೊತ್ತೇ ಇರುವುದಿಲ್ಲ.

ಈ ಅಧ್ಯಯನಗಳೆಲ್ಲ ನಡೆದದ್ದು ನಾಯಿ ಕಟ್ಟಿ ಸಾಕುವ ನಾಡುಗಳಲ್ಲಿ. ಡೇವಿಸ್‌ನ ಲೆಕ್ಕದಲ್ಲಿ ಬಾರದ ಕ್ಯಾನ್ಸರ್ ಒಂದು ನಮ್ಮ ಬೀದಿಯಲ್ಲಿದೆ. ಅದು ಟಿ.ವಿ.ಟಿ., ಕೂಡುವಾಗ ನಾಯಿಯಿಂದ ನಾಯಿಗೆ ಅಂಟುವ ಗಡ್ಡೆ. ಇಲ್ಲಿ ಹರಡುವುದು ವೈರಸ್ ಅಲ್ಲ, ಕ್ಯಾನ್ಸರ್ ಕೋಶವೇ. ಸಾವಿರಾರು ವರ್ಷಗಳ ಹಿಂದೆ ಯಾವುದೋ ಒಂದು ನಾಯಿಯ ಮೈಯಲ್ಲಿ ಹುಟ್ಟಿದ ಆ ಕೋಶ, ಆ ನಾಯಿ ಸತ್ತಮೇಲೂ ಮೈಯಿಂದ ಮೈಗೆ ದಾಟುತ್ತ ಜಗತ್ತೆಲ್ಲ ಸುತ್ತಿದೆ. ಇಂದು ನಮ್ಮೂರಿನ ನಾಯಿಯ ಗಡ್ಡೆಯ ಡಿ.ಎನ್.ಎ. ಅದನ್ನು ಹೊತ್ತಿರುವ ನಾಯಿಯದಲ್ಲ, ಆ ಪುರಾತನ ನಾಯಿಯದು. ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ವಾರಕ್ಕೊಂದರಂತೆ ಕೆಲವು ವಾರ ಕೊಟ್ಟರೆ ಬಹುತೇಕ ವಾಸಿಯಾಗುತ್ತದೆ ಎಂಬುದು ಸಮಾಧಾನ. ಬಿಟ್ಟು ಸಾಕಿದ, ಆಪರೇಷನ್ ಆಗದ ನಾಯಿಗೆ ಅಮೆರಿಕದ ಮಂಡಿನೋವಿಗಿಂತ ಹತ್ತಿರದ ಅಪಾಯ ಇದು.

ಮತ್ತೆ ಮರಿಗಳು. ಮದರಾಸಿನಲ್ಲಿ ಬ್ಲೂ ಕ್ರಾಸ್ ಸಂಸ್ಥೆ ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆ ಕೈಹಾಕಿದ್ದು 1964ರಲ್ಲಿ. ಕೇಂದ್ರ ಸರಕಾರ ಅದಕ್ಕೆ ನಿಯಮ ರೂಪಿಸಿದ್ದು 2001ರಲ್ಲಿ, ಬದಲಿಸಿದ್ದು 2023ರಲ್ಲಿ. ಎಲ್ಲರ ಚರ್ಚೆಯೂ ಬೀದಿನಾಯಿಯ ಮೇಲೆ. ಸಾಕುನಾಯಿಯ ಸಂತಾನದ ಹೊಣೆ ಸಾಕಿದವನದೇ ಎಂದು ಅವೇ 2001ರ ನಿಯಮಗಳು ಹೇಳಿದ್ದು ಮಾತ್ರ ಯಾರಿಗೂ ನೆನಪಿಲ್ಲ. ಸಂಜೆ ಕತ್ತಲಲ್ಲಿ ಮಾರ್ಕೆಟ್ ಹಿಂದೆಯೋ ಬೈಪಾಸ್ ಪಕ್ಕವೋ ರಟ್ಟಿನ ಪೆಟ್ಟಿಗೆ ಇಟ್ಟು ಹೋಗುವವರು ಬೀದಿನಾಯಿಗಳಲ್ಲವಷ್ಟೆ.

‘ಒಂದು ಸಲವಾದರೂ ತಾಯಿಯಾಗಲಿ ಪಾಪ’ ಎನ್ನುವವರಿಗೆ: ನಾಯಿ ಆರೋಗ್ಯವಾಗಿರಲು ಒಮ್ಮೆ ಮರಿ ಹಾಕಲೇಬೇಕೆಂದಿಲ್ಲ. ಆಸೆ ನಮ್ಮದು. ‘ಆಪರೇಷನ್ ಆದರೆ ಮನೆ ಕಾಯುವುದಿಲ್ಲ’ ಎನ್ನುವುದೂ ಹಾಗೆಯೇ. ಅಪರಿಚಿತರಿಗೆ ಬೊಗಳುವುದು ಅಂಡಾಶಯದ ಕೆಲಸವಲ್ಲ.

ಮುಧೋಳ ನಾಯಿ ಸಾಕಿದವರ ಮಾತು ಸ್ವಲ್ಪ ಬೇರೆ. ಬಾಗಲಕೋಟೆ ಜಿಲ್ಲೆಯ ಈ ಬೇಟೆನಾಯಿ 2005ರಲ್ಲಿ ಅಂಚೆಚೀಟಿ ಏರಿದ್ದು, ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಅದಕ್ಕೆಂದೇ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇರುವುದು ಹೆಮ್ಮೆಯ ಮಾತು. ವಂಶಾವಳಿ ಗೊತ್ತಿರುವ ಒಳ್ಳೆಯ ಹೆಣ್ಣು ನಿಮ್ಮಲ್ಲಿದ್ದರೆ ಕತ್ತರಿಗೆ ಮುಂಚೆ ಆ ಕೇಂದ್ರದವರನ್ನು ಕೇಳುವುದು ಒಳ್ಳೆಯದು. ತಳಿ ಉಳಿಯುವುದು ಅಂಥ ನಾಯಿಗಳಿಂದಲೇ. ಆಪರೇಷನ್ ಮಾಡಿಸುವುದೇ ಆದರೆ ವೈದ್ಯರಿಗೆ ತಳಿಯ ಹೆಸರು ಹೇಳಿ. ಇಂಥ ತೆಳುಮೈಯ ಓಟದ ನಾಯಿಗಳಲ್ಲಿ ಕೊಬ್ಬು ಬಹಳ ಕಡಿಮೆ. ಅವುಗಳ ಬಳಗದ ಗ್ರೇಹೌಂಡ್‌ಗಳು ಥಯೋಪೆಂಟಾಲ್‌ನಂಥ ಹಳೆಯ ಅರಿವಳಿಕೆಗಳಿಂದ ಏಳಲು ವಿಪರೀತ ಹೊತ್ತು ತೆಗೆದುಕೊಳ್ಳುವುದು ತಿಳಿದ ವಿಷಯ.

ಅರಿವಳಿಕೆಯ ಭಯ ಎಲ್ಲರಿಗೂ ಇರುತ್ತದೆ. ಬ್ರಿಟನ್ನಿನ ದೊಡ್ಡ ಸಮೀಕ್ಷೆಯೊಂದರಲ್ಲಿ ಆರೋಗ್ಯವಂತ ನಾಯಿಗಳಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ಶೇ. 0.05, ಅಂದರೆ ಎರಡು ಸಾವಿರಕ್ಕೆ ಒಂದು. ಕಾಯಿಲೆಯ ನಾಯಿಗಳಲ್ಲಿ ಅಪಾಯ ಎಷ್ಟೋ ಪಟ್ಟು ಹೆಚ್ಚು. ಪಯೋಮೆಟ್ರಾ ಬಂದ ಮೇಲೆ ನೋಡೋಣ ಎನ್ನುವುದು ಏಕೆ ಜಾಣತನವಲ್ಲ ಎಂಬುದು ಇದರಲ್ಲೇ ಇದೆ.

ಇಷ್ಟೆಲ್ಲ ಹೇಳಿ ನನ್ನ ತೀರ್ಮಾನ ಹೇಳದಿದ್ದರೆ ನುಣುಚಿಕೊಂಡಂತಾಗುತ್ತದೆ. ಗೇಟು ಸದಾ ತೆರೆದಿರುವ ಮನೆ, ನಾಡುನಾಯಿ ಅಥವಾ 20 ಕಿಲೋ ದಾಟದ ಮಿಶ್ರತಳಿ: ಆರೇಳು ತಿಂಗಳಿಗೆ, ಮೊದಲ ಬೆದೆಗೆ ಮುಂಚೆಯೇ ಮಾಡಿಸಿ. ಲ್ಯಾಬ್ರಡಾರ್, ಶೆಫರ್ಡ್‌ಗಳಂಥ ದೊಡ್ಡ ಮೈಯ ನಾಯಿ, ಬೆದೆಯ ಮೂರು ವಾರ ಕಟ್ಟುನಿಟ್ಟಾಗಿ ಕಾಯಬಲ್ಲ ಮನೆ: ವರ್ಷ ತುಂಬಲಿ, ಒಂದು ಬೆದೆ ಆಗಲಿ, ಆಮೇಲೆ ಮಾಡಿಸಿ. ಕಾಯಲಾಗದ ಮನೆಗೆ ಈ ಸವಲತ್ತಿಲ್ಲ. ಗೋಲ್ಡನ್ ರಿಟ್ರೀವರ್ ಹೆಣ್ಣಿನ ಮಟ್ಟಿಗೆ ಮಾಡಿಸದೆ ಇರುವುದೂ ಗೌರವದ ಆಯ್ಕೆ. ಡೇವಿಸ್ ತಂಡವೂ ಆ ಬಾಗಿಲನ್ನು ತೆರೆದೇ ಇಟ್ಟಿದೆ. ಬೆದೆ ತಡೆಯುವ ಹಾರ್ಮೋನು ಇಂಜೆಕ್ಷನ್ ಮಾತ್ರ ಬೇಡ. ಪಯೋಮೆಟ್ರಾಕ್ಕೂ ಸ್ತನದ ಗಡ್ಡೆಗೂ ಕಾರಣವಾಗುವ ಹಾರ್ಮೋನನ್ನೇ ಹೊರಗಿಂದ ಚುಚ್ಚಿದಂತೆ ಅದು. ಅಂಡಾಶಯ ಉಳಿಸಿ ಗರ್ಭಕೋಶವನ್ನಷ್ಟೇ ತೆಗೆಯುವ ವಿಧಾನವೂ ಇದೆ; ಬೆದೆ ನಿಲ್ಲುವುದಿಲ್ಲ, ಮರಿಯಾಗುವುದಿಲ್ಲ. ಅದನ್ನು ಮಾಡಿ ಪಳಗಿದ ವೈದ್ಯರು ಸಿಕ್ಕರೆ ಯೋಚಿಸಬಹುದು. ಗಂಡುನಾಯಿಯ ವಿಷಯದಲ್ಲಿ ಇಷ್ಟು ಅವಸರವಿಲ್ಲ. ವೃಷಣ ಹೊಟ್ಟೆಯೊಳಗೇ ಉಳಿದಿದ್ದರೆ ಮಾತ್ರ ತೆಗೆಸಲೇಬೇಕು, ಅದು ಗಡ್ಡೆಯಾಗುವ ಸಾಧ್ಯತೆ ಹೆಚ್ಚು.

ದಿನ ಗೊತ್ತುಮಾಡುವಾಗ ಬೆದೆ ಮುಗಿದು ಎರಡು ಮೂರು ತಿಂಗಳು ಕಳೆದಿರಲಿ. ಬೆದೆಯಲ್ಲಿ ರಕ್ತನಾಳಗಳು ಊದಿರುತ್ತವೆ; ಮುಗಿದ ಬೆನ್ನಿಗೇ ಮಾಡಿಸಿದರೆ ಪ್ರೊಜೆಸ್ಟರಾನ್ ಥಟ್ಟನೆ ಕುಸಿದು ಸುಳ್ಳು ಗಬ್ಬ ಗಂಟುಬೀಳಬಹುದು. ಮುಂಚೆ ರಕ್ತಪರೀಕ್ಷೆ, ನಂತರ ನೋವಿನ ಔಷಧಿ, ಹತ್ತು ಹನ್ನೆರಡು ದಿನ ಕುತ್ತಿಗೆಗೆ ಕೋನ್. ನೋವಿನ ಔಷಧಿ ಪ್ರತ್ಯೇಕವಾಗಿ ಕೇಳಿ ಬರೆಸಿಕೊಳ್ಳಿ. ನಾಯಿ ಅಳದಿದ್ದ ಮಾತ್ರಕ್ಕೆ ನೋವಿಲ್ಲ ಎಂದಲ್ಲ.

ಮಾಡಿಸದೆ ಇರಲು ನಿರ್ಧರಿಸಿದ್ದರೆ ಪ್ರತಿ ಬೆದೆಯ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತುಹಾಕಿ. ಅಲ್ಲಿಂದ ಮುಂದಿನ ಎರಡು ಮೂರು ತಿಂಗಳು ನೀರಿನ ಬಟ್ಟಲಿನ ಮೇಲೆ ಕಣ್ಣಿರಲಿ. ಕೀವಿನಲ್ಲಿರುವ ಬ್ಯಾಕ್ಟೀರಿಯಾದ ನಂಜು ಮೂತ್ರಪಿಂಡವನ್ನು ದಿಕ್ಕುತಪ್ಪಿಸಿ ನೀರನ್ನು ಹಿಡಿದಿಡದಂತೆ ಮಾಡುತ್ತದೆ. ನಾಯಿ ಪದೇಪದೇ ಉಚ್ಚೆ ಹೊಯ್ಯುತ್ತದೆ, ಬಟ್ಟಲು ಬರಿದಾಗುತ್ತಲೇ ಇರುತ್ತದೆ. ಕೀವು ಹೊರಗೆ ಸುರಿಯಲೇಬೇಕೆಂದಿಲ್ಲ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಒಂದು ಹನಿಯೂ ಕಾಣದು, ಅಪಾಯ ಅಲ್ಲೇ ಹೆಚ್ಚು. ಬೆದೆಯಾದ ನಾಯಿ ಮಂಕಾಗಿ, ಊಟ ಬಿಟ್ಟು, ನೀರು ಮಾತ್ರ ಗಟಗಟ ಕುಡಿಯುತ್ತಿದ್ದರೆ ನಾಳೆಗೆ ಮುಂದೂಡಬೇಡಿ. ಅವತ್ತೇ ಸ್ಕ್ಯಾನಿಂಗ್ ಇರುವ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.